ಫಿಕ್ಹ್ ಪಾಠಕ್ಕೆ ಕೋಲೂ ಬೇಕು, ಮೊಬೈಲೂ ಬೇಕು

ಹೈಸ್ಕೂಲಿನಲ್ಲಿ ಫಿಕ್ಹ್, ಅಂದರೆ ಇಸ್ಲಾಮಿನ ಆಚರಣೆ, ವ್ಯವಹಾರಗಳ ನಿಯಮದ ಪಾಠ, ಹೆಚ್ಚಾಗಿ ಬಾಯಿಪಾಠ. ವುಝೂವಿನ (ನಮಾಝಿಗೆ ಮೊದಲು ಮುಖ, ಕೈಕಾಲು ತೊಳೆಯುವುದು) ಫರ್ಝ್ (ಕಡ್ಡಾಯ ಅಂಶ) ಎಷ್ಟು, ಝಕಾತ್ (ಕಡ್ಡಾಯ ದಾನ) ಎಷ್ಟು, ಒಪ್ಪಿಸಿದರೆ ಮುಗೀತು. ಅದನ್ನೇ ಸುಮ್ನೆ ಸ್ಲೈಡ್ ಮಾಡಿ ತೋರಿಸಿದರೆ ಪುಸ್ತಕದಲ್ಲಿದ್ದ ಬಾಯಿಪಾಠ ಗೋಡೆಗೆ ಬಂತು, ಅಷ್ಟೇ. ಮೊಬೈಲ್, ಕಂಪ್ಯೂಟರ್ ಬಳಸುವುದಾದರೆ ಅಳೆಯುವ, ಲೆಕ್ಕ ಹಾಕುವ ಪಾಠಗಳಿಂದ ಶುರು ಮಾಡಿ.

ಮೊದಲು ನಮಾಝಿನ ಹೊತ್ತು. ಎರಡು ಮೊಬೈಲ್‌ಗಳಲ್ಲಿ ಒಂದೇ ಆ್ಯಪ್ ತೆರೆಸಿ. ಅಸರ್ (ಇಳಿಹೊತ್ತಿನ ನಮಾಝ್) ಸೆಟ್ಟಿಂಗ್ ಒಂದರಲ್ಲಿ ಹನಫಿ, ಇನ್ನೊಂದರಲ್ಲಿ ಶಾಫಿ ಮದ್‌ಹಬ್ (ಫಿಕ್ಹ್‌ನ ಪಂಥ) ಇರಲಿ. ಉಳಿದ ನಾಲ್ಕು ಹೊತ್ತು ಒಂದೇ, ಅಸರ್ ಮಾತ್ರ ಬೇರೆ. ಆ್ಯಪ್ ಕೆಟ್ಟಿದೆ ಅಂತ ಒಬ್ಬನಾದರೂ ಅನ್ನುತ್ತಾನೆ. ಉತ್ತರ ಹೇಳಬೇಡಿ, ಬಿಸಿಲಿಗೆ ಕರೆದುಕೊಂಡು ಹೋಗಿ.

50 ಸೆಂ.ಮೀ. ಕೋಲೊಂದನ್ನು ನೆಟ್ಟಗೆ ನಿಲ್ಲಿಸಿ. ನಡು ಮಧ್ಯಾಹ್ನದ ಗಿಡ್ಡ ನೆರಳನ್ನು ಅಳೆಸಿ. 10 ಸೆಂ.ಮೀ. ಬಂತು ಅಂದುಕೊಳ್ಳಿ. ಆಮೇಲೆ 15 ನಿಮಿಷಕ್ಕೊಂದು ಫೋಟೊ, ಪಕ್ಕದಲ್ಲಿ ಅಳತೆ ಟೇಪ್ ಕಾಣುವಂತೆ. ನೆರಳು ಕೋಲಿನ ಉದ್ದ 50, ಮಧ್ಯಾಹ್ನದ 10 ಸೇರಿ 60 ದಾಟಿದಾಗ ಶಾಫಿ, ಮಾಲಿಕಿ, ಹಂಬಲಿಯವರಿಗೆ ಅಸರ್. ಹನಫಿ ಪಂಥದ ಇಮಾಮ್ ಅಬೂ ಹನೀಫರ ಪ್ರಕಾರ ಮಧ್ಯಾಹ್ನದ 10ರ ಮೇಲೆ ಕೋಲಿನ ಎರಡು ಪಟ್ಟು ಬೇಕು, ಅಂದರೆ 110. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಮಾತ್ರ ಒಂದು ಪಟ್ಟು ಸಾಕು ಅಂದರು. ಶಿಷ್ಯರು ಗುರುಗಳ ಮಾತು ಒಪ್ಪಲಿಲ್ಲ ಅಂದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ವುಝೂವಿಗೆ ವಿಡಿಯೊ ಸಾಕು. ಒಬ್ಬರದ್ದನ್ನು ಇನ್ನೊಬ್ಬರು ತೆಗೆಯಲಿ. ಒಣಗೇ ಉಳಿದ ಹಿಮ್ಮಡಿ ಅಲ್ಲಿ ಸಿಕ್ಕಿಬೀಳುತ್ತದೆ. ನೋಡಿದ ಮೇಲೆ ಅಳಿಸಿಬಿಡಿ.

ಎಕ್ಸೆಲ್ ನಿಜವಾಗಿ ಕೆಲಸಕ್ಕೆ ಬರುವುದು ಆಸ್ತಿ ಪಾಲಿನ ಪಾಠದಲ್ಲಿ. ಮೊದಲ ಲೆಕ್ಕ ಕೈಯಲ್ಲೇ ಆಗಲಿ. ತೀರಿಕೊಂಡವನಿಗೆ ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು. ಸಾಲ, ವಸಿಯ್ಯತ್ (ಉಯಿಲಿನಲ್ಲಿ ಬರೆದದ್ದು) ಕಳೆದು ಉಳಿದದ್ದು 2,40,000. ಹೆಂಡತಿಗೆ 1/8, ಅಂದರೆ 30,000. ಉಳಿದದ್ದರಲ್ಲಿ ಮಗನಿಗೆ ಎರಡು, ಮಗಳಿಗೆ ಒಂದು ಪಾಲು: 1,40,000 ಮತ್ತು 70,000. ಆಮೇಲೆ ಇದೇ ಸೂತ್ರವನ್ನು ಮಕ್ಕಳೇ ಶೀಟಿಗೆ ಹಾಕಲಿ. ನೀವು ಮಾಡಿಕೊಟ್ಟರೆ ಅವರಿಗೆ ಗುಂಡಿ ಒತ್ತುವುದಷ್ಟೇ ಉಳಿಯುತ್ತದೆ.

ಈಗ ತೊಡಕಿನ ಲೆಕ್ಕ ಕೊಡಿ. ಮಕ್ಕಳಿಲ್ಲದ ಹೆಂಗಸು ತೀರಿಕೊಂಡಿದ್ದಾಳೆ. ಇರುವವರು ಗಂಡ ಮತ್ತು ಇಬ್ಬರು ಒಡಹುಟ್ಟಿದ ಅಕ್ಕತಂಗಿಯರು. ಗಂಡನಿಗೆ 1/2, ಅವರಿಬ್ಬರಿಗೆ ಸೇರಿ 2/3. ಕೂಡಿದರೆ 7/6! ಶೀಟ್ 116.67% ತೋರಿಸುತ್ತದೆ. ಸೂತ್ರ ತಪ್ಪಾಯಿತೆಂದು ಮಕ್ಕಳು ಅಳಿಸಲು ಹೋಗುತ್ತಾರೆ. ತಡೆಯಿರಿ. ಇದಕ್ಕೇ ‘ಔಲ್’ ಅನ್ನುವುದು. ಸುನ್ನಿ ಮದ್‌ಹಬ್‌ಗಳಲ್ಲಿ ಆಸ್ತಿಯನ್ನು 6ರ ಬದಲು 7 ಭಾಗ ಮಾಡಿ, ಗಂಡನಿಗೆ 3, ಅಕ್ಕತಂಗಿಯರಿಗೆ 4 ಕೊಡುತ್ತಾರೆ. ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ.

ಚಾಟ್‌ಬಾಟ್ ಕೇಳುವ ಮಕ್ಕಳು ಇದ್ದೇ ಇರುತ್ತಾರೆ. ಕೇಳಲಿ. ಯಾವ ಮದ್‌ಹಬ್, ಯಾವ ಕಿತಾಬು ಅಂತ ಉತ್ತರದ ಪಕ್ಕ ಬರೆಸಿ, ಕಿತಾಬು ತೆರೆದು ತಾಳೆ ನೋಡಿಸಿ.

ಪರೀಕ್ಷೆಗೆ ಮೊಬೈಲ್ ಬೇಡ. ಮಕ್ಕಳೇ ತೆಗೆದ ನೆರಳಿನ ಫೋಟೊ ಒಂದನ್ನು, ಸಮಯ ಕಾಣದಂತೆ, ಪ್ರಶ್ನೆಪತ್ರಿಕೆಯಲ್ಲಿ ಹಾಕಿ. ಕೆಳಗೆ ಎರಡೇ ಸಾಲು: ಅಸರ್ ಆಗಿದೆಯೇ? ಯಾರ ಪ್ರಕಾರ?