ಕಾಣೆಯಾದ ಮಗುವಿನ ಸುದ್ದಿ ಮೊಬೈಲಿಗೆ ಬಂದಾಗ: ಪತ್ತೇದಾರಿಕೆ ಬಿಟ್ಟು ಮಾಡಬೇಕಾದ್ದೇನು?

ಮಗು ಕಾಣೆಯಾಗಿದೆ ಎಂಬ ಸುದ್ದಿ ಹೊರಬಿದ್ದ ಮೊದಲ ಕೆಲವು ಗಂಟೆ ಎಲ್ಲರೂ ಫೋಟೊ ಹಂಚುತ್ತಾರೆ, 'ದೇವರೇ, ಬೇಗ ಸಿಗಲಿ' ಎಂದು ಬರೆಯುತ್ತಾರೆ. ಮರುದಿನದ ಹೊತ್ತಿಗೆ ಧಾಟಿ ಬದಲಾಗಿರುತ್ತದೆ. 'ಅಮ್ಮನ ಮಾತಿನಲ್ಲಿ ಏನೋ ಸರಿಯಿಲ್ಲ', 'ಆ ಮಾವನನ್ನು ಇನ್ನೂ ಯಾಕೆ ಹಿಡಿದಿಲ್ಲ?', 'ಮ್ಯಾಪ್ ನೋಡಿ, ಐದು ನಿಮಿಷದಲ್ಲಿ ಅಲ್ಲಿಗೆ ಹೋಗೋಕೆ ಸಾಧ್ಯವೇ ಇಲ್ಲ.' ವಾರ ಕಳೆಯುವಷ್ಟರಲ್ಲಿ ಆ ಊರನ್ನು ಕಣ್ಣಿನಿಂದಲೂ ನೋಡದವರ ಬಳಿ ಪ್ರಕರಣದ ಪೂರ್ತಿ ಕಥೆ, ಅಪರಾಧಿಯ ಸಮೇತ, ಸಿದ್ಧವಾಗಿರುತ್ತದೆ.

ಹೀಗೆ ಬರೆಯುವವರೆಲ್ಲ ಕೆಟ್ಟವರೇನಲ್ಲ. ಮಗುವಿನ ವಿಷಯ ಬಂದರೆ ಸುಮ್ಮನೆ ಕೂರಲು ಮನಸ್ಸು ಒಪ್ಪುವುದಿಲ್ಲ, ಅಷ್ಟೆ. ಆದರೆ ತನಿಖೆ ಮಾಡುವವರಿಗೆ ಹೊರಗಿನವರಿಂದ ಬೇಕಿರುವುದು ಕಣ್ಣಾರೆ ಕಂಡದ್ದು. ಯಾರು ಮಾಡಿರಬಹುದು ಎಂಬ ಅಭಿಪ್ರಾಯ ಅವರಿಗೆ ಬೇಕಿಲ್ಲ. ಕಂಡದ್ದನ್ನೂ ಅನ್ನಿಸಿದ್ದನ್ನೂ ಬೇರೆಬೇರೆ ಇಟ್ಟುಕೊಂಡು ನಡೆಯುವ ಬಗೆ ಇಲ್ಲಿದೆ.

ಮೊದಲು ಮೂಲ ಹುಡುಕಿ

ಫಾರ್ವರ್ಡ್ ಆಗಿ ಬಂದ ಫೋಟೊದಲ್ಲಿ ದಿನಾಂಕ, ಜಾಗ, ಪೊಲೀಸರ ಸಂಪರ್ಕ ಇವೆಯೇ ನೋಡಿ. 'ನಿನ್ನೆ ಸಂಜೆಯಿಂದ ಕಾಣುತ್ತಿಲ್ಲ' ಎಂದಷ್ಟೇ ಇದ್ದರೆ ಆ ನಿನ್ನೆ ಯಾವ ವರ್ಷದ್ದೋ ಯಾರಿಗೆ ಗೊತ್ತು! ಗೂಗಲ್ ಲೆನ್ಸ್ ಅಥವಾ ಟಿನ್‌ಐನಲ್ಲಿ ಫೋಟೊ ಹಾಕಿದರೆ ಅದು ಹಿಂದೆ ಎಲ್ಲೆಲ್ಲಿ ಬಂದಿತ್ತು ಎಂಬುದು ಸಾಮಾನ್ಯವಾಗಿ ತಿಳಿಯುತ್ತದೆ. ಆಮೇಲೆ ಪೊಲೀಸರ ಅಧಿಕೃತ ಪುಟದಲ್ಲಿ ಹುಡುಕಿ. ಅಲ್ಲಿ ಸಿಕ್ಕರೆ ಆ ಪೋಸ್ಟನ್ನೇ ಹಂಚಿ, ಸ್ಕ್ರೀನ್‌ಶಾಟ್ ಬೇಡ. ಮಗು ಸಿಕ್ಕ ದಿನ ಮೂಲ ಪೋಸ್ಟನ್ನು ತಿದ್ದುತ್ತಾರೆ. ಸ್ಕ್ರೀನ್‌ಶಾಟ್ ಮಾತ್ರ ವರ್ಷಗಟ್ಟಲೆ ಅಲೆಯುತ್ತಲೇ ಇರುತ್ತದೆ.

ಸಂಪರ್ಕಕ್ಕೆ ಖಾಸಗಿ ನಂಬರ್ ಒಂದೇ ಇದ್ದರೆ ಹಂಚಲೇಬೇಡಿ. ಮನೆಯ ಹಿಂಸೆ ತಾಳಲಾರದೆ ಮಗುವನ್ನು ಕರೆದುಕೊಂಡು ಹೊರಟುಹೋದ ತಾಯಿಯನ್ನು ಪತ್ತೆಮಾಡಲು, ಹಿಂಸೆ ಕೊಟ್ಟವನೇ 'ಕಾಣೆಯಾಗಿದ್ದಾರೆ' ಎಂದು ಹಾಕುವುದುಂಟು. ಇನ್ನೊಂದು ಮೋಸವೂ ಇದೆ. ಫೇಸ್‌ಬುಕ್ ಗ್ರೂಪ್‌ಗಳಲ್ಲಿ ಕಾಮೆಂಟ್ ಮುಚ್ಚಿ ಮಗುವಿನ ಫೋಟೊ ಹಾಕುತ್ತಾರೆ. ಕರುಣೆಯಿಂದ ನೂರಾರು ಜನ ಹಂಚಿದ ಮೇಲೆ ಅದೇ ಪೋಸ್ಟನ್ನು ತಿದ್ದಿ ಬಾಡಿಗೆ ಮನೆಯ ನಕಲಿ ಜಾಹೀರಾತು ಮಾಡುತ್ತಾರೆ. ಕಾಮೆಂಟ್ ಮುಚ್ಚಿರುವುದೇ ಇದರ ಗುರುತು.

ವಿಡಿಯೊ ಬಂದರೆ ಇನ್ನೂ ಎಚ್ಚರ. ಬೈಕಿನಲ್ಲಿ ಬಂದ ಇಬ್ಬರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊವೊಂದು 2018ರಲ್ಲಿ ಭಾರತದ ಉದ್ದಗಲಕ್ಕೂ ಹರಿದಾಡಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ತೆಗೆದ ಕಿರುಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸ್ ಬಿಟ್ಟು, ಸಂದೇಶದ ಫಲಕ ಹಿಡಿಯುವ ಭಾಗವನ್ನು ಯಾರೋ ಕತ್ತರಿಸಿದ್ದರು. ಮಕ್ಕಳ ಕಳ್ಳರೆಂಬ ಗುಲ್ಲಿಗೆ ಅಮಾಯಕರು ಬೀದಿಯಲ್ಲಿ ಹೊಡೆತ ತಿಂದು ಸತ್ತರು. ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಮಾತ್ರ ಕಳಿಸಬಹುದು ಎಂಬ ಮಿತಿಯನ್ನು ವಾಟ್ಸಾಪ್ ಭಾರತದಲ್ಲಿ ತಂದದ್ದು ಆ ವರ್ಷದ ಜುಲೈನಲ್ಲೇ. 2019ರ ಜನವರಿಯಲ್ಲಿ ಅದು ಜಗತ್ತಿಗೆಲ್ಲ ಬಂತು.

ಊಹೆಯ ಪೋಸ್ಟನ್ನು ವಾಕ್ಯ ವಾಕ್ಯವಾಗಿ ಬಿಡಿಸಿ

ಲೈಕ್ ಒತ್ತುವ ಮೊದಲು ಒಂದು ಕೆಲಸ ಮಾಡಿ. ಇಂಥ ಪೋಸ್ಟ್‌ಗಳು ಹೇಗಿರುತ್ತವೆ ಎಂಬುದಕ್ಕೆ ನಾನೇ ಕಟ್ಟಿದ ಮಾದರಿ ಇದು:

'ತಾಯಿಯೇ ಹೇಳಿದಂತೆ ಮಗು ಆಡಲು ಹೋದದ್ದು 6 ಗಂಟೆಗೆ. ಪೊಲೀಸರಿಗೆ ಫೋನ್ ಹೋದದ್ದು 7.40ಕ್ಕೆ. ಅಷ್ಟು ಹೊತ್ತು ಏನು ಮಾಡುತ್ತಿದ್ದರು? ಪಕ್ಕದ ಮನೆಯವನು ಅವತ್ತೇ ಕಾರು ತೊಳೆದಿದ್ದಾನೆ. ನಾಯಿ ಬೊಗಳಲಿಲ್ಲ, ಅಂದರೆ ಪರಿಚಯದವರೇ. ಪೊಲೀಸರ ಮೌನ ನೋಡಿದರೆ ದೊಡ್ಡವರ ಕೈವಾಡ.'

ಪ್ರತಿ ವಾಕ್ಯಕ್ಕೂ ಎರಡು ಪ್ರಶ್ನೆ ಹಾಕಿ: ಇದನ್ನು ಕಂಡವರು ಯಾರು? ಇದಕ್ಕೆ ಬೇರೆ ಸಾದಾ ಕಾರಣ ಇರಬಹುದೇ?

6 ಗಂಟೆಗೆ ಆಡಲು ಹೋದ ಮಗು 6 ಗಂಟೆಗೇ ಕಾಣೆಯಾಗಿರುವುದಿಲ್ಲ. ಬರಬೇಕಾದ ಹೊತ್ತು ಮೀರಿದ ಮೇಲೆ ಬಾಗಿಲಲ್ಲಿ ನಿಂತು ಕೂಗುತ್ತಾರೆ, ಗೆಳೆಯರ ಮನೆಗಳಿಗೆ ಹೋಗುತ್ತಾರೆ, ಬೀದಿಯ ಎರಡೂ ತುದಿ ನೋಡಿ ಬರುತ್ತಾರೆ. ಆಮೇಲಷ್ಟೇ ಪೊಲೀಸರ ನೆನಪು. ಇಪ್ಪತ್ನಾಲ್ಕು ಗಂಟೆ ಕಾಯದೆ ದೂರು ತೆಗೆದುಕೊಳ್ಳುವುದಿಲ್ಲ ಎಂದು ನಂಬಿ ಇನ್ನೂ ತಡ ಮಾಡುವವರಿದ್ದಾರೆ. ಈ ನಂಬಿಕೆ ತಪ್ಪು, ಮಗು ಕಾಣದಿದ್ದರೆ ತಕ್ಷಣ ಹೇಳಬೇಕು. ಕಾಯಿಸುವ ಪದ್ಧತಿಯನ್ನು ಅಮೆರಿಕ 1990ರಲ್ಲೇ ಕಾನೂನು ಮಾಡಿ ನಿಷೇಧಿಸಿದೆ.

ಕಾರು ತೊಳೆದದ್ದನ್ನು ಕಂಡವರು ಯಾರು? ಕಂಡರೂ, ಆ ಬೀದಿಯಲ್ಲಿ ಅವತ್ತು ಇನ್ನೆಷ್ಟು ಜನ ತೊಳೆದರು ಎಂದು ಯಾರೂ ಎಣಿಸಿಲ್ಲ. ಒಬ್ಬನ ಮೇಲೆ ಕಣ್ಣಿಟ್ಟ ಮೇಲೆ ಅವನು ಕೆಮ್ಮಿದರೂ ಸುಳಿವೇ. ಇನ್ನು ನಾಯಿ. ಅದು ಕಟ್ಟಿತ್ತೋ, ಒಳಗಿತ್ತೋ, ಬೊಗಳಿದ್ದು ಯಾರಿಗೂ ಕೇಳಿಸಲಿಲ್ಲವೋ?

ಪೊಲೀಸರ ಮೌನವನ್ನು ಜನ ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಓದುತ್ತಾರೆ. ಮಾಡಿದವನಿಗೆ ಮಾತ್ರ ಗೊತ್ತಿರಬಹುದಾದ ಒಂದೆರಡು ವಿವರಗಳನ್ನು ತನಿಖಾಧಿಕಾರಿಗಳು ಬೇಕೆಂದೇ ಹೊರಗೆ ಬಿಡುವುದಿಲ್ಲ. ಸುಳ್ಳು ಕರೆ, ಸುಳ್ಳು ತಪ್ಪೊಪ್ಪಿಗೆ ಜರಡಿ ಹಿಡಿಯಲು ಅದು ಬೇಕು. ಹಾಗಾಗಿ ನಮಗೆ ಕಾಣುವ ಚಿತ್ರದಲ್ಲಿ ತೂತುಗಳಿರುವುದು ಸಹಜ. ಊಹೆ ಹುಟ್ಟುವುದೇ ಆ ತೂತುಗಳಲ್ಲಿ. ಎಲ್ಲವೂ ಚೆನ್ನಾಗಿ ಹೊಂದಿಕೊಳ್ಳುವ ಕಥೆ ಸಿಕ್ಕಿತು ಎಂದರೆ ಕಟ್ಟಿದವರ ಕೈ ಚೆನ್ನಾಗಿದೆ ಎಂದಷ್ಟೇ ಅರ್ಥ.

ಅಪ್ಪ ಅಮ್ಮನ ಮುಖ ಓದಲು ಹೋಗಬೇಡಿ

ಅತ್ತರೆ ನಾಟಕ, ಅಳದಿದ್ದರೆ ಕಲ್ಲೆದೆ. ಹೆತ್ತವರಿಗೆ ಬಚಾವಾಗಲು ದಾರಿಯೇ ಇರುವುದಿಲ್ಲ. 1980ರ ಆಗಸ್ಟ್ 17ರ ರಾತ್ರಿ ಆಸ್ಟ್ರೇಲಿಯಾದ ಉಲುರು ಬಂಡೆಯ ಬಳಿಯ ಬಿಡಾರದಿಂದ ಒಂಬತ್ತು ವಾರದ ಅಜಾರಿಯಾ ಚೇಂಬರ್ಲೇನ್ ಎಂಬ ಹಸುಗೂಸು ಕಾಣೆಯಾಯಿತು. ಡಿಂಗೊ ಎಂಬ ಕಾಡುನಾಯಿ ಹೊತ್ತೊಯ್ದಿತು ಎಂದು ತಾಯಿ ಲಿಂಡಿ ಅವತ್ತೇ ಹೇಳಿದರು. ಆಗ ಅಂತರ್ಜಾಲ ಇರಲಿಲ್ಲ, ಗುಲ್ಲಿಗೇನೂ ಕೊರತೆಯಾಗಲಿಲ್ಲ. ಟಿವಿಯಲ್ಲಿ ಆಕೆ ಸಾಕಷ್ಟು ಅಳಲಿಲ್ಲ ಎಂದರು. ಮಗುವಿಗೆ ಕಪ್ಪು ಅಂಗಿ ಹೊಲಿಸಿದ್ದರಂತೆ, ಬಲಿ ಕೊಟ್ಟಿರಬೇಕು ಎಂದರು. 1982ರಲ್ಲಿ ಲಿಂಡಿಗೆ ಜೀವಾವಧಿ ಶಿಕ್ಷೆಯಾಯಿತು. ಕಾರಿನಲ್ಲಿ ಸಿಕ್ಕಿತೆಂದು ತಜ್ಞರು ಹೇಳಿದ 'ಮಗುವಿನ ರಕ್ತ'ದಲ್ಲಿ ಬಹುಪಾಲು, ಶಬ್ದ ತಗ್ಗಿಸಲು ಕಾರ್ಖಾನೆಯಲ್ಲಿ ಸಿಂಪಡಿಸಿದ ಲೇಪನ ಎಂದು ಆಮೇಲೆ ಗೊತ್ತಾಯಿತು. 1986ರಲ್ಲಿ ಡಿಂಗೊಗಳ ಬಿಲಗಳಿದ್ದ ಕಡೆ ಮಗುವಿನ ಕೋಟು ಸಿಕ್ಕಿ ಲಿಂಡಿ ಹೊರಬಂದರು, 1988ರಲ್ಲಿ ಶಿಕ್ಷೆ ರದ್ದಾಯಿತು. ಸಾವಿಗೆ ಡಿಂಗೊ ಕಾರಣ ಎಂದು ಅಧಿಕೃತವಾಗಿ ದಾಖಲಾದದ್ದು 2012ರಲ್ಲಿ.

ಎದುರಿಗಿರುವವರ ಮಾತು ಸುಳ್ಳೋ ನಿಜವೋ ಎಂದು ಹೇಳುವ ಶಕ್ತಿ ನಮಗೆಷ್ಟಿದೆ? ಮನೋವಿಜ್ಞಾನಿಗಳಾದ ಚಾರ್ಲ್ಸ್ ಬಾಂಡ್ ಮತ್ತು ಬೆಲಾ ಡಿಪಾಲೊ ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಸರಾಸರಿ ಶೇ 54. ನಾಣ್ಯ ಚಿಮ್ಮಿದರೆ ಶೇ 50.

ಹೆಸರು ಬರೆಯಬೇಡಿ, ಬರೆದದ್ದನ್ನು ಹಂಚಬೇಡಿ

2007ರ ಮೇ 3ರಂದು ಪೋರ್ಚುಗಲ್‌ನ ಪ್ರಾಯಾ ದ ಲೂಸ್‌ನಲ್ಲಿ ಮೂರು ವರ್ಷದ ಮ್ಯಾಡೆಲೀನ್ ಮೆಕ್ಯಾನ್ ಕಾಣೆಯಾದಾಗ, ಅಲ್ಲೇ ವಾಸವಿದ್ದು ಭಾಷಾಂತರಕ್ಕೆ ನೆರವಾಗುತ್ತಿದ್ದ ಒಬ್ಬರ ಮೇಲೆ ಪತ್ರಕರ್ತೆಯೊಬ್ಬರಿಗೆ ಅನುಮಾನ ಬಂತು. ಪೊಲೀಸರು ಆ ವ್ಯಕ್ತಿಯನ್ನು ಶಂಕಿತರ ಪಟ್ಟಿಗೆ ಸೇರಿಸಿದರು, ಪತ್ರಿಕೆಗಳು ಹರಿದು ತಿಂದವು. ಏನೂ ಸಾಬೀತಾಗಲಿಲ್ಲ. 2008ರಲ್ಲಿ 11 ಬ್ರಿಟಿಷ್ ಪತ್ರಿಕೆಗಳು ಅವರಿಗೆ 6 ಲಕ್ಷ ಪೌಂಡ್ ಕಟ್ಟಿಕೊಟ್ಟವು. ಅದೇ ವರ್ಷ ಮಗುವಿನ ಹೆತ್ತವರನ್ನು ದೂಷಿಸಿದ್ದಕ್ಕೆ ಒಂದು ಪತ್ರಿಕಾ ಸಮೂಹ 5.5 ಲಕ್ಷ ಪೌಂಡ್ ಕೊಟ್ಟು ಮುಖಪುಟದಲ್ಲೇ ಕ್ಷಮೆ ಕೇಳಿತು. ಪತ್ರಿಕೆಯಾದರೆ ವಿಳಾಸವಿದೆ, ದಾವೆ ಹೂಡಬಹುದು. ನಕಲಿ ಹೆಸರಿನ ಖಾತೆಯ ಮೇಲೆ ಯಾರು ಹೂಡುತ್ತಾರೆ?

2021ರ ಅಕ್ಟೋಬರ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಡಲತೀರದ ಬಿಡಾರದಿಂದ ನಾಲ್ಕು ವರ್ಷದ ಹುಡುಗಿಯೊಬ್ಬಳು ಕಾಣೆಯಾದಳು. ಹೆತ್ತವರ ಮೇಲೆ ಅನುಮಾನವಿಲ್ಲ ಎಂದು ಪೊಲೀಸರು ಹೇಳಿದರೂ ಜನ ಅವರನ್ನು ಜಾಲಾಡಿದರು. 18 ದಿನಗಳ ನಂತರ ಆಕೆ ಜೀವಂತವಾಗಿ ಸಿಕ್ಕಿದಳು. ಅಪಹರಿಸಿದವನು ಕುಟುಂಬಕ್ಕೆ ಸಂಬಂಧವೇ ಇಲ್ಲದವನು. ಅವನ ಬಂಧನವಾದ ಕೂಡಲೇ ಟಿವಿ ವಾಹಿನಿಯೊಂದು ಬೇರೆ ಯಾರದೋ ಫೋಟೊವನ್ನು ಅವನದೆಂದು ತೋರಿಸಿ, ಆಮೇಲೆ ಕ್ಷಮೆ ಕೇಳಬೇಕಾಯಿತು. (ಆ ಹುಡುಗಿ ಈಗ ಶಾಲೆಗೆ ಹೋಗುವ ವಯಸ್ಸಿನವಳು. ಹೆಸರು ಇಲ್ಲಿ ಬರೆಯದಿರುವುದಕ್ಕೆ ಅದೇ ಕಾರಣ.)

ಸ್ವತಃ ಪೊಲೀಸರೇ ಎಡವುತ್ತಾರೆ. ಅಮೆರಿಕದ ಮಿನ್ನೆಸೋಟದಲ್ಲಿ 1989ರಲ್ಲಿ ಅಪಹರಣಕ್ಕೊಳಗಾದ ಜೇಕಬ್ ವೆಟರ್ಲಿಂಗ್ ಪ್ರಕರಣದಲ್ಲಿ ಹತ್ತಿರದ ಸಂಗೀತ ಶಿಕ್ಷಕರ ಜಮೀನನ್ನು 2010ರಲ್ಲಿ ಅಗೆದು ನೋಡಿದರು. ನಿಜವಾದ ಅಪರಾಧಿ ತಪ್ಪೊಪ್ಪಿಕೊಂಡದ್ದು 2016ರಲ್ಲಿ. ಕಡತ, ಸಾಕ್ಷಿ, ಪ್ರಯೋಗಾಲಯ ಎಲ್ಲ ಕೈಲಿದ್ದವರ ಪಾಡು ಇದು.

ನಿಮಗೆ ನಿಜವಾಗಿ ಏನಾದರೂ ಕಂಡಿದ್ದರೆ

ಯಾರ ಜತೆಗೂ ಚರ್ಚಿಸುವ ಮೊದಲು, ಕಾಮೆಂಟ್‌ಗಳನ್ನು ಓದುವ ಮೊದಲು, ಒಬ್ಬರೇ ಕೂತು ಬರೆದಿಡಿ. ಬೇರೆಯವರ ಮಾತು ನಮ್ಮ ನೆನಪಿನೊಳಗೆ ಸೇರಿಕೊಳ್ಳುತ್ತದೆ. ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ 1970ರ ದಶಕದಲ್ಲಿ ಅಪಘಾತದ ದೃಶ್ಯ ತೋರಿಸಿ ನಡೆಸಿದ ಪ್ರಯೋಗಗಳಲ್ಲಿ, ಪ್ರಶ್ನೆಯನ್ನು ಜೋರಾದ ಮಾತಿನಲ್ಲಿ ಕೇಳಿದಾಗ ಜನ ಅಲ್ಲಿ ಇಲ್ಲದ ಒಡೆದ ಗಾಜನ್ನೂ ಕಂಡದ್ದಾಗಿ ಹೇಳಿದ್ದರು.

'ಅನುಮಾನಾಸ್ಪದ ಕಾರು ನಿಂತಿತ್ತು' ಎಂದು ಬರೆದರೆ ಪ್ರಯೋಜನವಿಲ್ಲ. 'ಬಿಳಿ ಸಣ್ಣ ಕಾರು, ಹಿಂದಿನ ಎಡದೀಪ ಒಡೆದಿತ್ತು, ನಂಬರಿನ ಕೊನೆಗೆ 47 ಇರಬಹುದು, ಖಚಿತವಿಲ್ಲ. ನಾನು ರಸ್ತೆಯ ಆಚೆ ಬದಿಯಲ್ಲಿದ್ದೆ, ಬೀದಿದೀಪ ಹತ್ತಿರಲಿಲ್ಲ' ಎಂದರೆ ಕೆಲಸಕ್ಕೆ ಬರುತ್ತದೆ. ಖಚಿತವಿಲ್ಲದ್ದನ್ನು ಖಚಿತವಿಲ್ಲ ಎಂದೇ ಬರೆಯಿರಿ. ಸಮಯವನ್ನು ಅಂದಾಜಿಗೆ ಬಿಡಬೇಡಿ. ಆ ಹೊತ್ತಿಗೆ ನೀವು ಮಾಡಿದ ಫೋನ್ ಕರೆ, ಅಂಗಡಿಯ ಬಿಲ್ಲು, ಬಸ್ ಟಿಕೆಟ್ ಯಾವುದಾದರೂ ಇದ್ದರೆ ತಾಳೆ ನೋಡಿ.

ಡ್ಯಾಶ್‌ಕ್ಯಾಮ್ (ಕಾರಿನೊಳಗಿಂದ ರಸ್ತೆಯನ್ನು ಚಿತ್ರೀಕರಿಸುವ ಕ್ಯಾಮೆರಾ), ಮನೆಯ ಸಿಸಿಟಿವಿ ಇದ್ದರೆ ಮೊದಲು ಅದನ್ನು ಉಳಿಸಿಕೊಳ್ಳಿ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತಾ ಹೋಗುವುದರಿಂದ ತಡಮಾಡಿದರೆ ಅಳಿಸಿಹೋಗುತ್ತದೆ. ಡ್ಯಾಶ್‌ಕ್ಯಾಮಿನ ಮೆಮೊರಿ ಕಾರ್ಡ್ ಹೊರತೆಗೆದು ಬೇರೆ ಕಾರ್ಡ್ ಹಾಕಿ. ಕ್ಯಾಮೆರಾದ ಗಡಿಯಾರ ಎಷ್ಟೋ ಸಲ ಹಿಂದೆ ಮುಂದೆ ಇರುತ್ತದೆ. ಅದರ ಪರದೆಯ ಪಕ್ಕ ಸರಿಯಾದ ಸಮಯ ತೋರಿಸುವ ಮೊಬೈಲ್ ಇಟ್ಟು ಒಂದು ಫೋಟೊ ತೆಗೆದುಕೊಂಡರೆ ವ್ಯತ್ಯಾಸ ಎಷ್ಟೆಂದು ತನಿಖೆಯವರಿಗೆ ತಿಳಿಯುತ್ತದೆ. ವಿಡಿಯೊ ಕತ್ತರಿಸಬೇಡಿ, ಸ್ಪಷ್ಟ ಮಾಡುತ್ತೇನೆಂದು ಎಐ ಆ್ಯಪ್‌ಗೆ ಹಾಕಬೇಡಿ. ಇಲ್ಲದ ಮೂಗು ಬಾಯಿ ಬರೆಯುವುದು ಅದಕ್ಕೆ ಸುಲಭ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಒಳಗಿನ ಸಮಯ, ಸ್ಥಳದ ಮಾಹಿತಿಯೂ ಹೋಗುತ್ತದೆ. ಮೂಲ ಫೈಲನ್ನೇ ಕೊಡಿ. ನಿಮ್ಮ ಕ್ಯಾಮೆರಾದಲ್ಲಿ ಏನೂ ಕಾಣದಿದ್ದರೂ ಕೊಡಿ: ಮಗು ಆ ದಾರಿಯಲ್ಲಿ ಹೋಗಿಲ್ಲ ಎಂಬುದೂ ಹುಡುಕುವವರಿಗೆ ಬೇಕಾದ ಮಾಹಿತಿ.

ಮಾಹಿತಿ ಕೊಟ್ಟ ದಿನಾಂಕ, ತೆಗೆದುಕೊಂಡ ಅಧಿಕಾರಿಯ ಹೆಸರು, ಉಲ್ಲೇಖ ಸಂಖ್ಯೆ ಕೊಟ್ಟಿದ್ದರೆ ಅದು, ಇವಿಷ್ಟನ್ನು ಬರೆದುಕೊಳ್ಳಿ. ವಾಪಸ್ ಕರೆ ಬರಲಿಲ್ಲವೆಂದು ಅದನ್ನೇ ಪೋಸ್ಟ್ ಮಾಡಬೇಡಿ. ಬಹಳಷ್ಟು ಸಲ ಅದನ್ನು ಪರಿಶೀಲಿಸಿ ಪಕ್ಕಕ್ಕಿಟ್ಟಿರುತ್ತಾರೆ, ನಿಮಗೆ ಹೇಳಿರುವುದಿಲ್ಲ ಅಷ್ಟೆ.

ಮಗುವೇ ಎದುರಿಗೆ ಕಂಡಂತಾದರೆ? ಪೊಲೀಸ್ ತುರ್ತು ಸಂಖ್ಯೆಗೆ ಕರೆ ಮಾಡಿ, ದೂರದಿಂದ ಕಣ್ಣಿಡಿ. ಜನ ಸೇರಿಸಬೇಡಿ, ಲೈವ್ ಹೋಗಬೇಡಿ. ಜತೆಗಿರುವವರು ಅದರ ನಿಜವಾದ ಅಪ್ಪನೇ ಇರಬಹುದು.

ಪತ್ತೇದಾರಿಕೆಯ ಹುಮ್ಮಸ್ಸು ತಡೆಯಲಾಗದಿದ್ದರೆ

ಅದಕ್ಕೂ ಜಾಗವಿದೆ. ಯುರೋಪಿಯನ್ ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್ 2017ರಲ್ಲಿ ಶುರುಮಾಡಿದ 'ಟ್ರೇಸ್ ಆ್ಯನ್ ಆಬ್ಜೆಕ್ಟ್' ಯೋಜನೆಯಲ್ಲಿ, ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳಿಂದ ಮಗುವನ್ನೂ ಅಪರಾಧಿಯನ್ನೂ ತೆಗೆದುಹಾಕಿ ಹಿನ್ನೆಲೆಯ ಒಂದು ವಸ್ತುವನ್ನಷ್ಟೇ ತೋರಿಸುತ್ತಾರೆ: ಒಂದು ಶಾಂಪೂ ಬಾಟಲಿ, ಒಂದು ಚೀಲ, ಒಂದು ಪರದೆಯ ವಿನ್ಯಾಸ. ಇದು ಯಾವ ದೇಶದ್ದು ಗೊತ್ತೇ ಎಂಬುದಷ್ಟೇ ಪ್ರಶ್ನೆ. ಈ ಉತ್ತರಗಳಿಂದ ಮಕ್ಕಳು ಪಾರಾಗಿದ್ದಾರೆ. ಕೆನಡಾದ ಟ್ರೇಸ್ ಲ್ಯಾಬ್ಸ್ ಸಂಸ್ಥೆ ಕಾಣೆಯಾದವರ ಬಗ್ಗೆ ಸಾರ್ವಜನಿಕವಾಗಿ ಲಭ್ಯವಿರುವ ಮಾಹಿತಿಯನ್ನು ಸ್ವಯಂಸೇವಕರಿಂದ ಹುಡುಕಿಸುತ್ತದೆ. ಕುಟುಂಬದವರನ್ನು, ಗೆಳೆಯರನ್ನು ಸಂಪರ್ಕಿಸುವಂತಿಲ್ಲ, ಸಿಕ್ಕಿದ್ದು ಪೊಲೀಸರಿಗೆ ಮಾತ್ರ. ಎರಡರಲ್ಲೂ ಯಾರ ಮೇಲೂ ಬೆರಳು ತೋರಿಸುವ ಅವಕಾಶವೇ ಇಲ್ಲ ಎಂಬುದು ನನಗೆ ತುಂಬಾ ಹಿಡಿಸಿದ ಅಂಶ.

ಎರಡು ಫೋಟೊ ಪಕ್ಕಪಕ್ಕ ಇಟ್ಟು 'ಕಣ್ಣು ನೋಡಿ, ಇವಳೇ ಅವಳು' ಎನ್ನುವ ಆಟ ಮಾತ್ರ ಬೇಡ. 2023ರಲ್ಲಿ ಪೋಲೆಂಡಿನ ಯುವತಿಯೊಬ್ಬಳು ತಾನೇ ಮ್ಯಾಡೆಲೀನ್ ಎಂದಾಗ ಲಕ್ಷಾಂತರ ಜನ ಕಣ್ಣಿನ ಮಚ್ಚೆ, ಕೆನ್ನೆಯ ಗುಳಿ ಹೋಲಿಸಿ ನೋಡಿದರು. ಡಿಎನ್ಎ ಪರೀಕ್ಷೆ ಅಲ್ಲವೆಂದು ಹೇಳಿತು.

ಸಿಕ್ಕ ಮೇಲೆ ಅಳಿಸಿ

ಮಗು ಸಿಕ್ಕಿತು ಎಂದು ಪೊಲೀಸರು ಹೇಳಿದ ಕೂಡಲೇ ನೀವು ಹಂಚಿದ ಫೋಟೊ, ಹೆಸರು ತೆಗೆದುಹಾಕಿ. ಏನಾಗಿತ್ತು, ಯಾರ ಜತೆಗಿತ್ತು ಎಂದು ಕೆದಕಬೇಡಿ.

ತಪ್ಪು ಸುದ್ದಿ ಆಗಲೇ ಕಳಿಸಿಬಿಟ್ಟಿದ್ದರೆ ಸದ್ದಿಲ್ಲದೆ ಅಳಿಸಿದರೆ ಸಾಲದು. ಕಳಿಸಿದ ಗ್ರೂಪ್‌ಗಳಿಗೆಲ್ಲ 'ಈ ಹೆಸರು ತಪ್ಪು, ಮುಂದೆ ಕಳಿಸಿದ್ದರೆ ಅಲ್ಲಿಯೂ ತಿಳಿಸಿ' ಎಂದು ಹಾಕಿ. ವಾಟ್ಸಾಪ್‌ನಲ್ಲಿ ಎಲ್ಲರ ಪರದೆಯಿಂದ ಅಳಿಸಲು ಎರಡು ದಿನಕ್ಕೆ ತುಸು ಹೆಚ್ಚು ಸಮಯವಿರುತ್ತದೆ. ಅಡ್ಮಿನ್ ಆಗಿದ್ದರೆ ಇತರರ ಸಂದೇಶವನ್ನೂ ನೀವು ಅಳಿಸಬಹುದು. ಅಳಿಸುವ ಮುನ್ನ, ಕಳಿಸಿದವರ ನಂಬರ್ ಮತ್ತು ಸಮಯ ಕಾಣುವಂತೆ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಯಾರ ಹೆಸರು ಬಂದಿತ್ತೋ ಅವರು ದೂರು ಕೊಡಲು ಹೊರಟರೆ ಅವರಿಗೆ ಬೇಕಾಗುತ್ತದೆ.