ಜಾಮ್ ಆದ ಜೆಟ್ ಸ್ಕೀ ಎಂಜಿನ್ನನ್ನು ಗ್ರೀಸ್ ಗನ್ನಿನಿಂದ ಬಿಡಿಸಿದ ನನ್ನ ಅನುಭವ

ಜಾಮ್ ಆದ ಪಿಸ್ಟನ್ನನ್ನು ಗ್ರೀಸ್ ಗನ್ನಿನ ಒತ್ತಡದಿಂದ ತಳ್ಳಿ ಬಿಡಿಸಲಾಗದು, ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಸಿಲಿಂಡರಿನ ಗೋಡೆಯಲ್ಲೇ ಪೋರ್ಟುಗಳು, ಅಂದರೆ ಇಂಧನ ಮತ್ತು ಹೊಗೆ ಹಾದುಹೋಗುವ ತೂತುಗಳು ಇರುತ್ತವೆ, ಗ್ರೀಸ್ ಅಲ್ಲಿಂದ ಹೊರಗೆ ಹೋಗಿಬಿಡುತ್ತದೆ, ಒತ್ತಡ ನಿಲ್ಲುವುದೇ ಇಲ್ಲ ಎಂದು ಮಲ್ಪೆ ಬಂದರಿನ ಮೆಕ್ಯಾನಿಕ್ ಗೆಳೆಯರಲ್ಲಿ ಹೆಚ್ಚಿನವರು ನನಗೆ ಹೇಳಿದ್ದರು. ಅದೇ ಗ್ರೀಸ್ ಗನ್ನಿನಿಂದ ಬಿಡಿಸಿದ ಯಮಹಾ ಎಕ್ಸ್‌ಎಲ್ 700 ವೇವ್‌ರನ್ನರ್ ಜೆಟ್ ಸ್ಕೀ (ನೀರಿನ ಮೇಲೆ ಓಡುವ ಸ್ಕೂಟರ್) ಈಗ ನೀರಿನಲ್ಲಿ ಓಡುತ್ತಿದೆ. ಔಟ್‌ಬೋರ್ಡ್ ಎಂಜಿನ್ ಬಿಚ್ಚಿ ಜೋಡಿಸಿ ಅಭ್ಯಾಸವಿರುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಗಾಡಿ ನನಗೆ ಸಿಕ್ಕಿದ್ದು ಸುಮಾರು 25 ಸಾವಿರ ರೂಪಾಯಿಗೆ, ಗುಜರಿಯ ಲೆಕ್ಕದಲ್ಲಿ. ಆರೇಳು ಮಳೆಗಾಲ ತೆಂಗಿನ ಗರಿಯ ಮಾಡಿನ ಕೆಳಗೆ ನಿಂತಿತ್ತು. ಗಾಡಿಯ ಒಡಲಿನ ಒಳಗೆ ಮೊಣಕಾಲುದ್ದ ಕೆಸರು ನೀರಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕಾ ದೋಣಿಗಳು ಕಡಲಿಗಿಳಿಯುವಂತಿಲ್ಲ. ಜಲಕ್ರೀಡೆಯೂ ಆಗ ನಿಂತಿರುತ್ತದೆ. ಆ ದಿನಗಳಲ್ಲಿ ದೋಣಿಗಳ ಓವರ್‌ಹಾಲ್ ಕೆಲಸದ ನಡುವೆಯೇ ಇದನ್ನು ಕೈಗೆತ್ತಿಕೊಂಡೆ.

ಸ್ಟಾರ್ಟರ್ ಒತ್ತುವ ಗೋಜಿಗೆ ನಾನು ಹೋಗಲಿಲ್ಲ. ಜಾಮ್ ಆದ ಎಂಜಿನ್ನಿಗೆ ಕರೆಂಟ್ ಕೊಟ್ಟರೆ ಸುಡುವುದು ಸ್ಟಾರ್ಟರ್ ಮಾತ್ರ. ಸ್ಪಾರ್ಕ್ ಪ್ಲಗ್ ತೆಗೆದು ಮೊದಲು ಸಿಲಿಂಡರಿಗೆ ಡೀಸೆಲ್ ತುಂಬಿ ವಾರಗಟ್ಟಲೆ ಬಿಟ್ಟೆ, ಏನೂ ಆಗಲಿಲ್ಲ. ಪವರ್ ಸ್ಟಿಯರಿಂಗ್ ಆಯಿಲ್ ಮತ್ತು ಅಸಿಟೋನನ್ನು ಸಮಸಮ ಬೆರೆಸಿ ಹಾಕಿದೆ, ಅದೂ ಹಾಗೆಯೇ ನಿಂತಿತು. ಅಸಿಟೋನನ್ನು ಪೂರ್ತಿ ಒರೆಸಿ ಗಾಳಿಗೆ ಆರಿಸಿದ ಮೇಲೆ ಬ್ಲಾಕಿಗೆ ಗ್ಯಾಸ್ ಬೆಂಕಿ ಹಿಡಿದು ನೋಡಿದೆ. ಫ್ಲೈವೀಲ್ ಬೋಲ್ಟಿಗೆ ಪೈಪು ಸಿಕ್ಕಿಸಿ ಇಬ್ಬರು ಎಳೆದಾಗ ತಿರುಗುವ ಸೂಚನೆ ಕೊಟ್ಟಿದ್ದು ಬೋಲ್ಟೇ ಹೊರತು ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತದಿಂದ ತಿರುಗುವ ದಂಡ) ಅಲ್ಲ. ಹೆಡ್ ತೆಗೆದು ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಹೊಡೆ ಎಂಬ ಸಲಹೆಯೂ ಬಂತು. ಈ ಎಂಜಿನ್ನಿನ ಕ್ರ್ಯಾಂಕ್ ಬಿಡಿ ಭಾಗಗಳನ್ನು ಒತ್ತಿ ಜೋಡಿಸಿದ್ದು. ಸುತ್ತಿಗೆಯ ಪೆಟ್ಟು ಪಿಸ್ಟನ್ನಿನಿಂದ ಕನೆಕ್ಟಿಂಗ್ ರಾಡಿಗೆ ಇಳಿದು ಕ್ರ್ಯಾಂಕನ್ನೇ ಓರೆ ಮಾಡಬಲ್ಲದು. ಪಿಸ್ಟನ್ ಹೋದರೆ ಹೊಸದು ತರಬಹುದು, ಕ್ರ್ಯಾಂಕ್ ಹೋದರೆ ಇಡೀ ಲೆಕ್ಕವೇ ತಪ್ಪುತ್ತದೆ ಎಂದು ಆ ದಾರಿಯನ್ನು ಬಿಟ್ಟೆ.

ಹೆಡ್ ಬಿಚ್ಚಿದಾಗ ವಿಷಯ ಸ್ಪಷ್ಟವಾಯಿತು. ಎರಡು ಸಿಲಿಂಡರುಗಳ ಈ ಎಂಜಿನ್ನಿನಲ್ಲಿ ಒಂದು ಪಿಸ್ಟನ್ ಮೇಲಿದ್ದಾಗ ಇನ್ನೊಂದು ಕೆಳಗಿರುತ್ತದೆ. ಮುಂದಿನದು ಮೇಲಿನ ತುದಿಯಿಂದ ಸುಮಾರು 15 ಮಿ.ಮೀ. ಕೆಳಗೆ ರಿಂಗಿನ ಸುತ್ತ ತುಕ್ಕು ಕಟ್ಟಿ ನಿಂತಿತ್ತು. ಹಿಂದಿನದು ಕೆಳಗಿತ್ತು, ಅದರ ಮೇಲಿನ ಗೋಡೆ ಪೂರ್ತಿ ಕೆಂಪಾಗಿತ್ತು. ಗೆಳೆಯರ ಮಾತಿಗೆ ಉತ್ತರ ಇಲ್ಲಿಯೇ ಇತ್ತು. ಪಿಸ್ಟನ್ನಿನ ತಲೆ ಎಗ್ಸಾಸ್ಟ್ ಪೋರ್ಟಿಗಿಂತ ಮೇಲಿದ್ದರೆ ಮೇಲಿನ ಜಾಗ ಮುಚ್ಚಿದ ಡಬ್ಬಿಯೇ ಸರಿ, ಗ್ರೀಸಿಗೆ ಹೋಗಲು ದಾರಿಯಿಲ್ಲ. ಪಿಸ್ಟನ್ ಕೆಳಗೆ ನಿಂತಿದ್ದರೆ ಅವರು ಹೇಳಿದ್ದೇ ನಿಜವಾಗುತ್ತಿತ್ತು. ತೀರಾ ಮೇಲಿನ ತುದಿಯಲ್ಲೇ ನಿಂತಿದ್ದರೂ ರಾಡ್ ನೇರವಾಗಿದ್ದು ಕ್ರ್ಯಾಂಕ್ ತಿರುಗುತ್ತಿರಲಿಲ್ಲ.

ಮೊದಲು ಹಿಂದಿನ ಸಿಲಿಂಡರಿನ ತುಕ್ಕನ್ನು ಎಮರಿ ಹಾಳೆಯಿಂದ ಉಜ್ಜಿ ತೆಗೆದೆ. ಮುಂದಿನದು ಇಳಿಯುವಾಗ ಹಿಂದಿನದು ಏರಲೇಬೇಕಾದ್ದರಿಂದ ಈ ಕೆಲಸವನ್ನು ಬಿಟ್ಟರೆ ರಿಂಗು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಹಳೆಯ ಗ್ಯಾಸ್ಕೆಟ್ಟನ್ನೇ ಇಟ್ಟು ಹೆಡ್ ಬಿಗಿದು, ಹಿಂದಿನ ಪ್ಲಗ್ ತೂತನ್ನು ತೆರೆದಿಟ್ಟು, ಮುಂದಿನದಕ್ಕೆ ಹಳೆಯ ಪ್ಲಗ್ಗಿನ ಬಾಡಿಯಲ್ಲಿ ಗ್ರೀಸ್ ನಿಪ್ಪಲ್ (ಗನ್ನಿನ ಬಾಯಿ ಸಿಕ್ಕಿಸುವ ಮೂತಿ) ಕೂರಿಸಿ ತಿರುಗಿಸಿದೆ. ಪಿಂಗಾಣಿ ತೆಗೆದ ಆ ಬಾಡಿಯಲ್ಲಿ ನಿಪ್ಪಲ್ ಸೋರದಂತೆ ಕೂರುವುದು ಹೇಗೆಂಬುದನ್ನು ನಾನು ಬಹಳ ಕಷ್ಟಪಟ್ಟು ಕಂಡುಕೊಂಡಿದ್ದೇನೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಎಣ್ಣೆಯಾದರೆ ರಿಂಗಿನ ಸಂದಿನಲ್ಲಿ ಜಾರಿ ಹೋಗುತ್ತದೆ, ಗ್ರೀಸ್ ನಿಲ್ಲುತ್ತದೆ. 81 ಮಿ.ಮೀ. ಬೋರಿನ ಪಿಸ್ಟನ್ನಿನ ತಲೆಯ ವಿಸ್ತೀರ್ಣ ಐವತ್ತೊಂದು ಚದರ ಸೆಂಟಿಮೀಟರಿಗಿಂತ ತುಸು ಹೆಚ್ಚು. ಚದರ ಸೆಂಟಿಮೀಟರಿಗೆ 20 ಕಿಲೋ ಒತ್ತಡ ಬಂದರೂ ಒಂದು ಟನ್ ಭಾರ ಸಮನಾಗಿ ಕೂರುತ್ತದೆ. ಗನ್ನಿನ ಪೈಪಿಗೆ ಗೇಜ್ ಸೇರಿಸಿಕೊಂಡಿದ್ದೆ. ಗೇಜ್ ಇಲ್ಲದೆ ಯಾರೂ ಇದಕ್ಕೆ ಇಳಿಯಬಾರದು, ಏಕೆಂದರೆ ಕೈ ಗನ್ ಕೂಡ ಹೆಡ್ಡನ್ನು ಸೀಳುವಷ್ಟು ಒತ್ತಡ ಕೊಡಬಲ್ಲದು. ಸಂಜೆ ಒತ್ತಡ ಏರಿಸಿ ಹಾಗೆಯೇ ಬಿಡುವುದು, ಬೆಳಿಗ್ಗೆ ಮತ್ತೆ ತುಸು ಏರಿಸುವುದು, ಹೀಗೆ ಕೆಲವು ದಿನ ನಡೆಯಿತು. ಗೇಜ್ 40ರ ಹತ್ತಿರ ಬಂದಾಗ, ಅಂದರೆ ಸುಮಾರು ಎರಡು ಟನ್ ಭಾರದಲ್ಲಿ, ಮುಳ್ಳು ಒಮ್ಮೆಲೇ ಬಿದ್ದು ಫ್ಲೈವೀಲ್ ಅಲುಗಿತು. ಪಿಸ್ಟನ್ ಇಳಿದು ಪೋರ್ಟ್ ತೆರೆದು ಗ್ರೀಸ್ ಎಗ್ಸಾಸ್ಟಿನ ಕಡೆಗೆ ಬರುವುದೇ ನಿಲ್ಲಿಸಬೇಕಾದ ಗುರುತು. ಬಂದರಿನಲ್ಲಿ ಇದನ್ನು ಮಾಡಿ ತೋರಿಸಿದವನು ನಾನೇ ಮೊದಲಿಗನೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಒತ್ತಡ ಹಿಡಿದು ಕಾಯುತ್ತಿದ್ದ ದಿನಗಳಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಬೇರೆ ಎಂಜಿನ್ನಿನ ತುಕ್ಕು ಹಿಡಿದ ಹಳೆಯ ರಿಂಗಿನ ಚೂರುಗಳನ್ನೂ ಪಿಸ್ಟನ್ನಿನ ಚೂರುಗಳನ್ನೂ ಹುಣಸೆ ನೀರು, ಬಿಂಬುಳಿ ಎಂಬ ಹುಳಿಕಾಯಿಯ ರಸ, ಡೀಸೆಲ್‌ಗಳಲ್ಲಿ ಬೇರೆ ಬೇರೆ ನೆನೆಹಾಕಿದೆ. ಬಿಂಬುಳಿಯಲ್ಲಿ ರಿಂಗು ರಾತ್ರಿ ಕಳೆಯುವುದರೊಳಗೆ ಬೂದು ಬಣ್ಣಕ್ಕೆ ತಿರುಗಿತು, ಆದರೆ ಅಲ್ಯೂಮಿನಿಯಮ್ ಚೂರು ಕಪ್ಪಾಯಿತು. ಹೀಗಾಗಿ ಬಿಡಿ ಬೋಲ್ಟು, ವಾಷರುಗಳಿಗೆ ಅದು ಸರಿ, ಪಿಸ್ಟನ್ ಇರುವಾಗ ಸಿಲಿಂಡರಿಗೆ ಹಾಕುವಂಥದ್ದಲ್ಲ.

ಬಿಚ್ಚಿ ನೋಡಿದಾಗ ಕ್ರ್ಯಾಂಕಿನ ಬೇರಿಂಗುಗಳಲ್ಲಿ ತುಕ್ಕಿನ ಗುಳಿಗಳಿದ್ದವು. ಕ್ರ್ಯಾಂಕನ್ನು ಮೈಸೂರಿಗೆ ಕಳಿಸಿದೆ. 1996ರವರೆಗೆ ಯೆಜ್ಡಿ ಬೈಕ್ ತಯಾರಾಗುತ್ತಿದ್ದ ಆ ಊರಿನಲ್ಲಿ ಟೂ ಸ್ಟ್ರೋಕ್ ಕ್ರ್ಯಾಂಕ್ ಬಿಚ್ಚಿ ಒತ್ತಿ ನೇರ ಮಾಡುವ ಕೈಗಳು ಇನ್ನೂ ಇವೆ. ಹಿಂದಿರುಗಿ ಬಂದಾಗ ಡಯಲ್ ಗೇಜಿನಲ್ಲಿ ಓರೆ 0.05 ಮಿ.ಮೀ. ಒಳಗಿತ್ತು. ಬೇರಿಂಗ್, ಸೀಲ್, ಸಾಗಾಟ ಸೇರಿ ಸುಮಾರು 15 ಸಾವಿರ ಹೋಯಿತು. ಬೋರಿಂಗಿನಲ್ಲಿ, ಅಂದರೆ ಸಿಲಿಂಡರಿನ ಒಳಗೋಡೆಯನ್ನು ಕೊರೆದು ಅಗಲಿಸುವಾಗ, 0.25 ಮಿ.ಮೀ. ಓವರ್‌ಸೈಜಿಗೆ ಗುಳಿ ಹೋಗಲಿಲ್ಲ, 0.50ಕ್ಕೆ ಹೋಗಬೇಕಾಯಿತು. ಬೋರಿಂಗಿನವರು ಬೈಕಿನ ಲೆಕ್ಕದಲ್ಲಿ ಪಿಸ್ಟನ್ನಿಗೂ ಗೋಡೆಗೂ ನಡುವಿನ ಅಂತರ ಬಿಗಿಯಾಗಿಡಲು ಹೊರಟಿದ್ದರು. ತಣ್ಣನೆಯ ಹೊರನೀರಿನಲ್ಲಿ ಸಿಲಿಂಡರ್ ತಂಪಾಗುವ ಎಂಜಿನ್ನಿಗೆ ಅದು ಸಾಲದೆಂದು ಹಟ ಹಿಡಿದು 0.1 ಮಿ.ಮೀ. ಹತ್ತಿರ ಇಡಿಸಿದೆ. ಪಿಸ್ಟನ್ ಕಿಟ್ಟುಗಳಿಗೂ ಬೋರಿಂಗಿಗೂ ಸುಮಾರು 20 ಸಾವಿರ, ಮಿಕುನಿ ಕಾರ್ಬುರೇಟರುಗಳ ಡಯಾಫ್ರಮ್, ನೀಡಲ್ ಕಿಟ್ಟಿಗೆ ಐದಾರು ಸಾವಿರ; ಬ್ಯಾಟರಿ, ಪೈಪು, ಗ್ಯಾಸ್ಕೆಟ್ ಎಲ್ಲ ಸೇರಿ, ಗಾಡಿಯ ಬೆಲೆಯೂ ಒಳಗೊಂಡು, ತೊಂಬತ್ತು ಸಾವಿರ ದಾಟಲಿಲ್ಲ. ಹೊಸ ಗಾಡಿಗೆ ಹತ್ತು ಲಕ್ಷದ ಮೇಲೆ ಕೊಡಬೇಕು.

ಆಯಿಲ್ ಪಂಪನ್ನು ನಾನು ನಂಬದೆ ಪ್ಲೇಟ್ ಹಾಕಿ ಮುಚ್ಚಿದೆ. ಮೊದಲ ಟ್ಯಾಂಕಿಗೆ 25ಕ್ಕೆ 1ರಂತೆ, ಆಮೇಲೆ 50ಕ್ಕೆ 1ರಂತೆ ಪೆಟ್ರೋಲಿಗೇ ಆಯಿಲ್ ಬೆರೆಸುತ್ತಿದ್ದೇನೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇದ್ದು ಅದು ನೀರನ್ನು ಎಳೆದುಕೊಳ್ಳುವುದರಿಂದ, ಗಾಡಿ ನಿಲ್ಲಿಸುವ ಮುನ್ನ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಲೇಬೇಕು.

ಬಿಆರ್8ಎಚ್‌ಎಸ್ ಪ್ಲಗ್ ಹಾಕಿದ ಎಂಜಿನ್ ಮನೆಯಂಗಳದಲ್ಲಿ ಎರಡನೆಯ ಸಲ ಸ್ಟಾರ್ಟರ್ ಒತ್ತಿದಾಗಲೇ ಹಿಡಿಯಿತು. ನೆಲದ ಮೇಲೆ ಓಡಿಸುವಾಗ ಮೊದಲು ಎಂಜಿನ್, ಆಮೇಲೆ ತಂಪಿಗೆ ಕೊಡುವ ಪೈಪಿನ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ಈ ಕ್ರಮ ತಪ್ಪಿದರೆ ನೀರು ಎಗ್ಸಾಸ್ಟಿನಿಂದ ಸಿಲಿಂಡರಿಗೆ ನುಗ್ಗಿ ಇಷ್ಟು ಶ್ರಮವೂ ನೀರುಪಾಲಾಗುತ್ತದೆ. ಆಗಸ್ಟಿನಲ್ಲಿ ಸ್ವರ್ಣಾ ನದಿಯಲ್ಲಿ ಓಡಿಸಿದೆ. ಎರಡೂ ಸಿಲಿಂಡರುಗಳಲ್ಲಿ ಕಂಪ್ರೆಷನ್ 130 ಪಿಎಸ್‌ಐ ಆಸುಪಾಸಿನಲ್ಲಿ ಸಮನಾಗಿದೆ, ಪ್ಲಗ್ಗಿನ ಬಣ್ಣ ತಿಳಿ ಕಂದು. ಜೆಟ್ ಪಂಪಿನ ಇಂಪೆಲ್ಲರಿನ (ನೀರನ್ನು ಹಿಂದಕ್ಕೆ ತಳ್ಳುವ ರೆಕ್ಕೆಚಕ್ರ) ಅಂಚು ಸವೆದಿರುವುದರಿಂದ ಹೊರಡುವಾಗ ಎಳೆತ ಸ್ವಲ್ಪ ಕಡಿಮೆಯಿದೆ. ಅದರ ಸುತ್ತ ಕೂರುವ ವೇರ್ ರಿಂಗನ್ನು ಲೇತಿನಲ್ಲಿ ನಾನೇ ಮಾಡಿಸಲು ಅಳತೆ ತೆಗೆದಿಟ್ಟಿದ್ದೇನೆ.