ಟ್ರೇಲರ್ ಎಳೆಯುವಾಗ ಗೇರ್‌ಬಾಕ್ಸ್ ಕಾಯದಂತೆ ನೋಡಿಕೊಳ್ಳುವುದು ಹೇಗೆ?

ಅಮೆರಿಕದಲ್ಲಿ ಪಿಕಪ್ ಅಥವಾ ಎಸ್‌ಯುವಿಯ ಹಿಂದೆ ಟ್ರಾವೆಲ್ ಟ್ರೇಲರ್ (ಎಳೆದೊಯ್ಯುವ ಗಾಲಿಮನೆ) ಕಟ್ಟಿಕೊಂಡು ಹೊರಡುವವರ ಗಾಡಿಯಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೆಡುವುದು ಬಹುಮಟ್ಟಿಗೆ ಶಾಖದಿಂದ. ಆ ಶಾಖ ಹುಟ್ಟುವ ಮುಖ್ಯ ಜಾಗ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಇರುವ ಟಾರ್ಕ್ ಕನ್ವರ್ಟರ್. ಅದರೊಳಗೆ ಒಂದು ರೆಕ್ಕೆಚಕ್ರ ಆಯಿಲ್ ತಳ್ಳಿ ಇನ್ನೊಂದನ್ನು ತಿರುಗಿಸುತ್ತದೆ. ವೇಗ ಹೊಂದಿಕೊಂಡಾಗ ಒಳಗಿನ ಲಾಕಪ್ ಕ್ಲಚ್ ಎರಡನ್ನೂ ಹಿಡಿದು ಕಟ್ಟುತ್ತದೆ. ಜಾರಾಟ ನಿಂತು ಕಾವು ಇಳಿಯುತ್ತದೆ. ಕಡಿದಾದ ಏರಿನಲ್ಲಿ, ಟ್ರಾಫಿಕ್‌ನಲ್ಲಿ, ರಿವರ್ಸ್‌ನಲ್ಲಿ ಈ ಹಿಡಿತ ಬಿಟ್ಟುಹೋಗುತ್ತದೆ. ಆಗ ಎಂಜಿನ್ ಶಕ್ತಿಯ ಒಂದು ಪಾಲು ಆಯಿಲ್ ಕಾಯಿಸುವುದಕ್ಕೇ ಖರ್ಚು.

1. ಮೊದಲು ತೂಕ ಹಾಕಿಸಿ

ಬ್ರೋಷರ್‌ನಲ್ಲಿರುವ ‘ಡ್ರೈ ವೇಟ್’, ಅಂದರೆ ನೀರು, ಸಾಮಾನು ಇಲ್ಲದ ಟ್ರೇಲರ್ ತೂಕ, ನಂಬಿ ಲೆಕ್ಕ ಹಾಕಬೇಡಿ. 40 ಗ್ಯಾಲನ್‌ನ ಟ್ಯಾಂಕ್ ತುಂಬಿಸಿದರೆ ನೀರೊಂದೇ 330 ಪೌಂಡ್ ದಾಟುತ್ತದೆ. ಸಾಮಾನು ತುಂಬಿ, ಮನೆಮಂದಿ ಕೂತ ಮೇಲೆ ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ನಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಯ ಮೇಲೆ ನಿಲ್ಲಿಸಿ. ಗಾಡಿ, ಟ್ರೇಲರ್, ಜನ, ಸಾಮಾನು ಎಲ್ಲ ಸೇರಿ ತಯಾರಕರು ಹಾಕಿರುವ ಮಿತಿಯೇ ಜಿಸಿಡಬ್ಲ್ಯುಆರ್. ಒಟ್ಟು ತೂಕ ಅದರೊಳಗಿರಬೇಕು. ಹಿಚ್ (ಗಾಡಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಬೀಳುವ ಭಾರ ಟ್ರೇಲರ್ ತೂಕದ ಶೇ 10ರಿಂದ 15 ಇರಬೇಕು.

ಮಿತಿಗೆ ಸರಿಯಾಗಿ ತುಂಬಿಸುವುದು ಬೇಡ, ಶೇ 20ರಷ್ಟು ಬಿಟ್ಟುಕೊಳ್ಳಿ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕೊಲರಾಡೊದ ಐ-70ರಲ್ಲಿರುವ ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಎತ್ತರದಲ್ಲಿದೆ. ಅಲ್ಲಿಗೆ ತಲುಪುವಷ್ಟರಲ್ಲಿ ಮೂರನೇ ಒಂದು ಭಾಗ ಶಕ್ತಿ ಹೋಗಿರುತ್ತದೆ.

2. ಕಾವು ಕಣ್ಣಿಗೆ ಕಾಣುವಂತಿರಲಿ

ಡ್ಯಾಷ್‌ಬೋರ್ಡ್‌ನಲ್ಲಿರುವ ಕೂಲಂಟ್ ಮುಳ್ಳು ಗೇರ್‌ಬಾಕ್ಸ್ ಬಗ್ಗೆ ಏನೂ ಹೇಳುವುದಿಲ್ಲ. ಗಾಡಿಯಲ್ಲಿ ಟ್ರಾನ್ಸ್‌ಮಿಷನ್ ಟೆಂಪರೇಚರ್ ತೋರಿಸುವ ಪರದೆ ಇಲ್ಲದಿದ್ದರೆ ಗಾಡಿಯ ಕಂಪ್ಯೂಟರ್‌ನ ಮಾಹಿತಿ ಓದುವ ಒಬಿಡಿ ರೀಡರ್ ಚುಚ್ಚಿ ಫೋನ್‌ನಲ್ಲಿ ನೋಡಬಹುದು. ಎಚ್ಚರಿಕೆ ದೀಪ ಹೊತ್ತುವವರೆಗೆ ಕಾದರೆ ತಡವಾಯಿತೆಂದೇ ಅರ್ಥ.

ಸಾಮಾನ್ಯವಾಗಿ 175–200 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 80–93 ಸೆಲ್ಸಿಯಸ್, ನೆಮ್ಮದಿಯ ಮಟ್ಟ. ಏರಿನಲ್ಲಿ 220 ಮುಟ್ಟಿ ಇಳಿದರೆ ಗಾಬರಿ ಬೇಡ. 240ರ ಆಸುಪಾಸಿನಲ್ಲಿ ಆಯಿಲ್ ಕೆಟ್ಟು ವಾರ್ನಿಷ್‌ನಂಥ ಅಂಟು ಕಟ್ಟತೊಡಗುತ್ತದೆ, 260 ದಾಟಿದರೆ ಸೀಲ್‌ಗಳು ಗಡುಸಾಗುತ್ತವೆ. ಈಚಿನ 8, 10 ಗೇರ್‌ಗಳ ಕೆಲವು ಗಾಡಿಗಳನ್ನು ಬೇಕೆಂದೇ 200 ಡಿಗ್ರಿಯ ಮೇಲೆ ಓಡುವಂತೆ ಮಾಡಿರುತ್ತಾರೆ. ಹಾಗಾಗಿ ನಿಮ್ಮ ಗಾಡಿಯ ಕೈಪಿಡಿಯ ಮಾತೇ ಕೊನೆ.

3. ಆಯಿಲ್ ಬದಲಿಸಿ

ಕೈಪಿಡಿಯಲ್ಲಿ ‘ಸಿವಿಯರ್ ಸರ್ವಿಸ್’ ಎಂಬ ಪಟ್ಟಿ ಹುಡುಕಿ. ಟ್ರೇಲರ್ ಎಳೆಯುವವರಿಗೆ ಅನ್ವಯಿಸುವುದು ಅದು. ‘ಲೈಫ್‌ಟೈಮ್ ಆಯಿಲ್’ ಎಂಬ ಮಾತು ಭಾರ ಎಳೆಯುವ ಗಾಡಿಗೆ ಸಲ್ಲದು. ಡೆಕ್ಸ್‌ರಾನ್ 6, ಮರ್ಕಾನ್ ಎಲ್‌ವಿ, ಎಟಿಎಫ್+4, ಟೊಯೊಟಾ ಡಬ್ಲ್ಯುಎಸ್ ಈ ಆಯಿಲ್ ಬಗೆಗಳು ಒಂದರ ಬದಲು ಇನ್ನೊಂದು ಹಾಕುವಂಥವಲ್ಲ. ಪ್ಯಾನ್ ಬಿಚ್ಚಿ ಸುರಿದರೆ ಒಟ್ಟು ಆಯಿಲ್‌ನ ಅರ್ಧವೂ ಸಾಮಾನ್ಯವಾಗಿ ಹೊರಬರುವುದಿಲ್ಲ, ಉಳಿದದ್ದು ಕನ್ವರ್ಟರ್‌ನಲ್ಲೇ ಇರುತ್ತದೆ. ಸುರಿದಷ್ಟನ್ನೇ ಅಳೆದು ಹಾಕಿ. ಡಿಪ್‌ಸ್ಟಿಕ್ ಇಲ್ಲದ ಗಾಡಿಯಲ್ಲಿ ನಿಗದಿತ ಟೆಂಪರೇಚರ್‌ನಲ್ಲೇ ಚೆಕ್ ಪ್ಲಗ್ ತೆಗೆದು ಮಟ್ಟ ನೋಡಬೇಕು. ಹಳೇ ಆಯಿಲ್ ಕಂದಾಗಿ, ಸುಟ್ಟ ವಾಸನೆ ಹೊಡೆದು, ಪ್ಯಾನ್‌ನಲ್ಲಿ ಲೋಹದ ಚೂರು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ ಗೇರ್‌ಬಾಕ್ಸ್ ಮೆಕ್ಯಾನಿಕ್‌ಗೆ ತೋರಿಸಿ.

4. ಬೇಕಿದ್ದರೆ ಕೂಲರ್

ಕಂಪನಿಯೇ ಟ್ರೇಲರ್ ಎಳೆಯಲೆಂದು ಕೊಡುವ ಟೋ ಪ್ಯಾಕೇಜ್ ಇರುವ ಗಾಡಿಗಳಲ್ಲಿ ಹೆಚ್ಚಾಗಿ ಗೇರ್‌ಬಾಕ್ಸ್ ಆಯಿಲ್ ತಣಿಸುವ ಕೂಲರ್ ಬಂದೇ ಇರುತ್ತದೆ. ಇಲ್ಲದಿದ್ದರೆ ಪ್ಲೇಟ್ ಮಾದರಿಯದನ್ನೇ ಕೊಳ್ಳಿ. ಅದೇ ಅಳತೆಯ ಕೊಳವೆ ಮಾದರಿಗಿಂತ ಹೆಚ್ಚು ಶಾಖ ಹೊರಹಾಕುತ್ತದೆ. ಎಸಿ ಕಂಡೆನ್ಸರ್‌ನ ಮುಂದೆ, ಸ್ವಲ್ಪ ಸಂದು ಬಿಟ್ಟು, ಬ್ರ್ಯಾಕೆಟ್ ಹಾಕಿ ಕೂಡಿಸಿ. ಕಂಡೆನ್ಸರ್‌ನ ತೂತುಗಳಲ್ಲಿ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟಿದರೆ ಅಲುಗಾಟಕ್ಕೆ ಉಜ್ಜಿ ಸೋರುತ್ತದೆ. ರೇಡಿಯೇಟರ್‌ನೊಳಗಿನ ಕೂಲರ್‌ನಿಂದ ಗೇರ್‌ಬಾಕ್ಸ್‌ಗೆ ಮರಳುವ ಪೈಪ್‌ಗೆ ಇದನ್ನು ಸೇರಿಸಬೇಕು. ಎಟಿಎಫ್‌ಗೆಂದೇ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಮಾಡಿದ ಹೋಸ್ ಬಿಟ್ಟು ಬೇರೆ ರಬ್ಬರ್ ಪೈಪ್ ಬೇಡ. ಎಂಜಿನ್ ಓಡಿಸಿ ಸೋರಿಕೆ ನೋಡಿ, ಆಯಿಲ್ ಮಟ್ಟ ಮತ್ತೆ ಅಳೆಯಿರಿ. ಕೂಲರ್ ಒಂದಿಷ್ಟು ಆಯಿಲ್ ಕುಡಿದಿರುತ್ತದೆ. ಹಿಮ ಬೀಳುವ ರಾಜ್ಯಗಳಲ್ಲಿ ತಣ್ಣಗಿನ ಆಯಿಲ್ ಕೂಲರ್‌ಗೆ ಹೋಗದಂತೆ ತಿರುಗಿಸುವ ಥರ್ಮೋಸ್ಟ್ಯಾಟ್ ಬೈಪಾಸ್ ಇರುವುದು ಒಳ್ಳೆಯದು, ಏಕೆಂದರೆ ಅತಿ ತಣ್ಣಗಿನ ಆಯಿಲ್ ಕೂಡ ಗೇರ್‌ಗೆ ಹಿತವಲ್ಲ.

5. ಓಡಿಸುವ ಬಗೆ

ಕೂಲರ್‌ಗೆ ದುಡ್ಡು ಸುರಿದವರೂ ಸೋಲುವುದು ಇಲ್ಲೇ. ಹೊರಡುವಾಗಲೇ ಭಾರಕ್ಕೆ ತಕ್ಕಂತೆ ಗೇರ್ ಬದಲಿಸುವ ಟೋ/ಹಾಲ್ ಗುಂಡಿ ಒತ್ತಿ. ಆದರೂ ಗಾಡಿ ಐದಕ್ಕೂ ಆರಕ್ಕೂ ಮತ್ತೆಮತ್ತೆ ಜಿಗಿಯುತ್ತಿದ್ದರೆ ಮ್ಯಾನ್ಯುವಲ್‌ಗೆ ತಂದು ಕೆಳಗಿನ ಗೇರ್‌ನಲ್ಲೇ ಹಿಡಿದಿಡಿ. ಎಂಜಿನ್ 3,500–4,000 ಆರ್‌ಪಿಎಂನಲ್ಲಿ ಕೂಗಿದರೆ ಅನೇಕರು ಹೆದರುತ್ತಾರೆ. ಪೆಟ್ರೋಲ್ ಎಂಜಿನ್‌ಗೆ ಅದು ಕಷ್ಟವೇನಲ್ಲ. ಎತ್ತರದ ಗೇರ್‌ನಲ್ಲಿ ಏದುಸಿರು ಬಿಡುತ್ತಾ ಕನ್ವರ್ಟರ್ ಜಾರಿಸುವುದೇ ಹೆಚ್ಚು ಹಾನಿ.

ವೇಗ ಇಳಿಸಿ. ಟ್ರಾವೆಲ್ ಟ್ರೇಲರ್ ಗಾಳಿಗೆ ಎದೆಯೊಡ್ಡಿ ನಿಂತ ಗೋಡೆ. 55ರಿಂದ 65 ಮೈಲಿಗೆ ಏರಿದರೆ ಗಾಳಿಯ ತಡೆ ಶೇ 40ರಷ್ಟು ಹೆಚ್ಚುತ್ತದೆ, ಅದನ್ನು ದಾಟಲು ಬೇಕಾದ ಶಕ್ತಿ ಶೇ 65ರಷ್ಟು. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೇಲರ್ ಎಳೆಯುವವರಿಗೆ 55 ಮೈಲಿಯೇ ಕಾನೂನಿನ ಮಿತಿ.

ಅತಿ ಬೇಗ ಕಾವೇರುವುದು ಹೆದ್ದಾರಿಯಲ್ಲೇ ಆಗಬೇಕೆಂದಿಲ್ಲ. ಕ್ಯಾಂಪ್‌ಗ್ರೌಂಡ್‌ನ ಏರುಜಾಗಕ್ಕೆ ರಿವರ್ಸ್ ಹಾಕುವಾಗಲೂ ಆಗಬಹುದು. ಕನ್ವರ್ಟರ್ ಪೂರ್ತಿ ಜಾರುತ್ತಿರುತ್ತದೆ, ಕೂಲರ್‌ಗೆ ಗಾಳಿಯೂ ಇಲ್ಲ. ಎರಡು ಮೂರು ಸಲ ಹಿಂದೆ ಮುಂದೆ ಆದ ಮೇಲೆ ಮೀಟರ್ ನೋಡಿ, ಏರಿದ್ದರೆ ವಿರಾಮ ಕೊಡಿ. ಫೋರ್-ಲೋ (ನಾಲ್ಕೂ ಚಕ್ರ ನಿಧಾನವಾಗಿ ತಿರುಗಿಸುವ ಗೇರ್) ಇದ್ದರೆ ಜಲ್ಲಿ ಅಥವಾ ಮಣ್ಣಿನ ನೆಲದಲ್ಲಿ ಬಳಸಿ, ಗಟ್ಟಿ ಡಾಂಬರಿನಲ್ಲಿ ತಿರುವು ಹೊಡೆಯುವಾಗ ಬೇಡ. ಏರಿನಲ್ಲಿ ಸಾಲಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಗಾಡಿ ಹಿಡಿಯಬಾರದು, ಬ್ರೇಕ್ ಹಾಕಿ.

240 ದಾಟಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆರಿಸಬೇಡಿ: ಆರಿಸಿದರೆ ಪಂಪ್ ನಿಂತು ಬಿಸಿ ಆಯಿಲ್ ಒಳಗೇ ಉಳಿಯುತ್ತದೆ. ಪಾರ್ಕ್‌ನಲ್ಲಿಟ್ಟು 1,200–1,500 ಆರ್‌ಪಿಎಂನಲ್ಲಿ ಓಡಿಸಿ, 200ಕ್ಕೆ, ಇಲ್ಲವೇ ನಿಮ್ಮ ಗಾಡಿಯ ಮಾಮೂಲಿ ಮಟ್ಟಕ್ಕೆ, ಇಳಿದ ಮೇಲೆ ಹೊರಡಿ.

ಇಳಿಜಾರಿನಲ್ಲಿ ನಿಲ್ಲಿಸುವ ಕ್ರಮ ಬೇರೆ. ಬ್ರೇಕ್ ಒತ್ತಿಕೊಂಡೇ ಚಕ್ರಗಳಿಗೆ ಅಡೆ ಇಡಿಸಿ, ನ್ಯೂಟ್ರಲ್‌ಗೆ ತಂದು, ಪಾರ್ಕಿಂಗ್ ಬ್ರೇಕ್ ಎಳೆದು, ಭಾರ ಅಡೆಯ ಮೇಲೆ ಕೂತಿತೆಂದು ನೋಡಲು ಮೆಲ್ಲಗೆ ಕಾಲು ಸಡಿಲಿಸಿ. ಮತ್ತೆ ಬ್ರೇಕ್ ಒತ್ತಿ ಪಾರ್ಕ್‌ಗೆ ಹಾಕಿ. ನೇರ ಪಾರ್ಕ್‌ಗೆ ಹಾಕಿಬಿಟ್ಟರೆ ಸಾವಿರಾರು ಪೌಂಡ್ ಭಾರವನ್ನು ಗೇರ್‌ಬಾಕ್ಸ್‌ನೊಳಗಿನ ಒಂದು ಸಣ್ಣ ಉಕ್ಕಿನ ಹಲ್ಲು ಹೊರಬೇಕಾಗುತ್ತದೆ.